ಮಲಗಿದ ಗಂಡಸರ ಪಟಗಳು

ಮಾವಿನ ಹಣ್ಣು ತಾನೇ ಉದುರುವ ಡಿಸೆಂಬರ್ ತಿಂಗಳು, ನಮಗದು ಬಿರುಬೇಸಿಗೆ, ಮಧ್ಯಾಹ್ನದ ಊಟ ಮುಗಿದ ಹೊತ್ತು. ಆ ಹೊತ್ತಿಗೆ ಪರಾಗ್ವೆಯ ನಮ್ಮ ನದಿಯೂರಿನಲ್ಲಿ ನಾಯಿಯೂ ಬೊಗಳುವುದಿಲ್ಲ. ಎಲ್ಲರೂ ಮಲಗುತ್ತಾರೆ. ಗಂಡಸರು ಹೊರಗೆ, ಮರದ ಕೆಳಗೆ, ಗಾಡಿಯ ಮೇಲೆ. ಹೆಂಗಸರು ಒಳಗೆ, ಅಗುಳಿ ಹಾಕಿಕೊಂಡು. ಹೀಗೇಕೆ ಎಂದು ಯಾರೂ ಕೇಳಿರಲಿಲ್ಲ.

ಸಂತೆಯಲ್ಲಿ ನನ್ನ ಪಕ್ಕ ಕೂತು ಬೇರು, ಸೊಪ್ಪು ಮಾರುವವಳು ಎಪಿಫಾನಿಯಾ. ಅವಳ ಮೊಮ್ಮಗಳು ಮಿರ್ನಾ ಆ ತಿಂಗಳು ನಿದ್ದೆ ಬಿಟ್ಟಳು. ಮಧ್ಯಾಹ್ನ ಮಲಗಿದ್ದಾಗ ಕಿಟಕಿಯ ಸರಳಿನ ಸಂದಿನಿಂದ ಒಂದು ಕೈ ಬಂದು ಕಾಲು ಹಿಡಿಯಿತಂತೆ.

"ಪೊಂಬೇರೊ ಕಣೇ," ಎಂದು ಅಜ್ಜಿ ಪಿಸುಗುಟ್ಟಿದಳು. ಪೊಂಬೇರೊ ನಮ್ಮ ಕಡೆಯ ಕುಳ್ಳ ಭೂತ. ಮೈತುಂಬ ಕೂದಲು, ನಡೆದರೆ ಸದ್ದಿಲ್ಲ. ಹೊಗೆಸೊಪ್ಪು, ಕಬ್ಬಿನ ಸಾರಾಯಿ ಇಟ್ಟರೆ ಸುಮ್ಮನಾಗುತ್ತಾನೆ ಎಂದು ಹಿರಿಯರ ಮಾತು. ಅಜ್ಜಿ ತನ್ನ ಹಳೆಯ ನೀಲಿ ಲಂಗದ ಚಿಂದಿಯನ್ನು ಸಾರಾಯಿ ಬಾಟಲಿಯ ಬಿರಡೆಗೆ ಸುತ್ತಿ ಕಿಟಕಿಯಲ್ಲಿಟ್ಟಳು. ಬೆಳಿಗ್ಗೆ ಬಾಟಲಿ ಇರಲಿಲ್ಲ.

"ನೋಡು, ತಗೊಂಡ. ಇನ್ನು ಬರಲ್ಲ."

ಕೈ ಮತ್ತೆ ಬಂತು.

"ಅಜ್ಜಿ, ಆ ಕೈಗೆ ಕೂದಲಿರ್ಲಿಲ್ಲ. ಹಗ್ಗದ ಥರ ಒರಟು."

"ಭೂತದ ಕೈ ನೀನೆಷ್ಟು ಕಂಡಿದೀಯ? ಮಲಗು ಸುಮ್ನೆ."

ಆಸ್ಪತ್ರೆಯ ಕಡೆಯಿಂದ ಮನೆಮನೆಗೆ ಬರುವ ಒಬ್ದೂಲಿಯಾ, ಬಿಸಿಲಲ್ಲಿ ಹೊಸ್ತಿಲ ಮೇಲೆ ಕೂತ ಹುಡುಗಿಯನ್ನು ಕಂಡು ವಿಚಾರಿಸಿದಳು. ಕೇಳಿ ನಗಲಿಲ್ಲ. "ಒಬ್ಬಳೇ ಕೂರಬೇಡ, ನನ್ನ ಜೊತೆ ಬಾ," ಎಂದು ಕರೆದುಕೊಂಡು ಹೋದಳು. ದಾರಿಯಲ್ಲಿ ಮಿರ್ನಾ ಅವಳ ಫೋನು ಕೇಳಿ ಪಡೆದು, ಮಲಗಿದ ಗಂಡಸರ ಪಟ ತೆಗೆಯತೊಡಗಿದಳು.

"ಇವರ ಪಟ ಯಾಕಮ್ಮ?"

"ಇಷ್ಟು ಧೈರ್ಯವಾಗಿ ಹೆಂಗೆ ಮಲಗ್ತಾರೆ ಅಂತ ನೋಡೋಕೆ."

ಶನಿವಾರ ನಮ್ಮ ಹೆಂಗಸರ ಸಂಘದಲ್ಲಿ ಒಬ್ದೂಲಿಯಾ ಆ ಪಟಗಳನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಳು. ನಾವು ನಕ್ಕಿದ್ದೇ ನಕ್ಕಿದ್ದು.

"ಇವನ ಬಾಯಲ್ಲಿ ಕೋಳಿ ಮೊಟ್ಟೆ ಇಡಬಹುದು."

"ಆ ಹೊಟ್ಟೆ ನಮ್ಮನೆಯವರದ್ದೇ. ಆಚೆ ದಡದಿಂದ್ಲೂ ಗುರುತು ಸಿಗುತ್ತೆ."

"ಇದ್ರಲ್ಲಿ ಒಬ್ಬ ಹೆಂಗಸನ್ನ ತೋರ್ಸಿ ನೋಡೋಣ," ಎಂದಳು ಒಬ್ದೂಲಿಯಾ.

"ಹೆಂಗಸು ಬೀದೀಲಿ ಯಾಕೆ ಮಲಗ್ತಾಳೆ? ಮಾನ ಬೇಡ್ವಾ?" ಎಂದಳು ಎಪಿಫಾನಿಯಾ.

"ಮಾನ ಅಲ್ಲ ಅಜ್ಜಿ, ಭಯ," ಎಂದಳು ಒಬ್ದೂಲಿಯಾ. "ಬಾಗಿಲಿಲ್ಲ, ಅಗುಳಿ ಇಲ್ಲ, ಬಯಲಲ್ಲಿ ಬಿದ್ದಿದಾರೆ ಇವರು. ಪೊಂಬೇರೊ ಇವರ ಕಾಲು ಯಾಕೆ ಹಿಡಿಯಲ್ಲ?"

ನಗು ನಿಂತಿತು. ಮುಂದಿನ ಪಟ ಎಲಿಜಿಯೊನದು. ರೇವಿನಲ್ಲಿ ದೋಣಿಗಳ ಹಗ್ಗ ಎಳೆಯುವವನು, ದಿನವೂ ಎಪಿಫಾನಿಯಾಳ ಸೊಪ್ಪಿನ ಹೊರೆ ಹೊತ್ತು ತರುವವನು. ಗಾಡಿಯ ಮೇಲೆ ಮಲಗಿದ್ದ. ಕಂಕುಳಲ್ಲಿ ಒಂದು ಬಾಟಲಿ, ಬಿರಡೆಗೆ ನೀಲಿ ಚಿಂದಿ.

"ಆ ಬಟ್ಟೆ ನನ್ನ ಲಂಗದ್ದು," ಎಂದಳು ಎಪಿಫಾನಿಯಾ.

ಅಜ್ಜಿಯ ಜೊತೆ ಬಂದಿದ್ದ ಮಿರ್ನಾ ಗೋಡೆಯ ಹತ್ತಿರ ಹೋಗಿ ಅವನ ಮುಖವನ್ನೇ ನೋಡಿದಳು. "ಇವನು ಮಲಗಿಲ್ಲ ಅಜ್ಜಿ. ಒಂದು ಕಣ್ಣು ತೆರೆದಿದೆ."

ಹೌದು, ತೆರೆದಿತ್ತು. ಪಟ ತೆಗೆಯುತ್ತಿದ್ದ ಹುಡುಗಿಯನ್ನೇ ನೋಡುತ್ತಿತ್ತು.

"ಈಗಲೇ ಠಾಣೆಗೆ ಹೋಗೋಣ," ಎಂದಳು ಒಬ್ದೂಲಿಯಾ.

"ಕತ್ತಲಾಯ್ತು. ದಿನಾ ಮುಖ ನೋಡೋ ಮನುಷ್ಯ. ನಾಳೆ ಚರ್ಚಿನ ಪೂಜೆ ಮುಗಿಸ್ಕೊಂಡು ಹೋಗೋಣ," ಎಂದಳು ಎಪಿಫಾನಿಯಾ. ನಾವೂ ಹೂಂ ಎಂದೆವು.

ಭಾನುವಾರ ಚರ್ಚಿನಿಂದ ನೇರ ಹೋಗಿ ದೂರು ಕೊಟ್ಟೆವು. ಮಾತು ಶುರುಮಾಡಿದವಳು ಅಜ್ಜಿಯೇ: "ನನ್ನ ಮೊಮ್ಮಗಳು ಹೇಳಿದ್ದು ನಿಜ. ನಾನು ನಂಬಲಿಲ್ಲ, ನೀವು ನಂಬಿ."

ಈಗ ಮಧ್ಯಾಹ್ನ ನಾವು ಹೆಂಗಸರು ಮಾವಿನ ಮರದಡಿ ಚಾಪೆ ಹಾಸುತ್ತೇವೆ. ಸರದಿಯಂತೆ ಒಬ್ಬಳು ಎಚ್ಚರವಿರುತ್ತಾಳೆ. ಮಿರ್ನಾ ನಿದ್ದೆ ಮಾಡುತ್ತಾಳೆ, ಕಾಲು ಮಡಚಿಕೊಂಡು.

ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮಗು ಹೆದರಿಕೆ ಎಂದರೆ ಭೂತಕ್ಕೆ ಎಡೆ ಇಡಬೇಡಿ. ಕೂತು ಕೇಳಿ. ನಂಬಿ. ಅವತ್ತೇ ಹೋಗಿ ದೂರು ಕೊಡಿ, ನಾಳೆ ಎನ್ನಬೇಡಿ. ನಮ್ಮ ನದಿಯಲ್ಲಿ ಮೇಲಕ್ಕೆ ಹೋಗುವ ದೋಣಿ ಪ್ರತಿ ಊರಿಗೂ ನಿಲ್ಲುತ್ತದೆ, ಪ್ರತಿ ಊರಲ್ಲೂ ಕಿಟಕಿಗಳಿವೆ. ನಾವು ಠಾಣೆಯ ಮೆಟ್ಟಿಲು ಹತ್ತುವ ಮೊದಲೇ, ಆ ಭಾನುವಾರ ನಸುಕಿನ ದೋಣಿಗೆ ಎಲಿಜಿಯೊ ಹೊರಟುಹೋಗಿದ್ದ.