ಪುಸ್ತಕ ನೋಡದೆ ಓದಿದವರು

ಚಿಕ್ಕ ಮಿಸ್‌ಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಅರ್ಧ ಮಾತ್ರ ನಿಜ. ಮಕ್ಕಳ ಮುಂದೆ ಆ ಕೋಪ ಎಲ್ಲಿ ಅಡಗುತ್ತಿತ್ತೋ ಏನೋ, ದೊಡ್ಡವರು ಯಾರಾದರೂ ಒಳಗೆ ಕಾಲಿಟ್ಟರೆ ತಕ್ಷಣ ಹಾಜರಾಗುತ್ತಿತ್ತು. ದೊಡ್ಡ ಮಿಸ್ ಕಾಲಿಟ್ಟರಂತೂ ಇನ್ನೂ ಬೇಗ, ಏಕೆಂದರೆ ದೊಡ್ಡ ಮಿಸ್ ಅವಳ ಒಡಹುಟ್ಟಿದ ಅಕ್ಕ.

ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಕೋಣೆ ಬಾಡಿಗೆಗೆ ಹಿಡಿದು ಅಕ್ಕತಂಗಿಯರು ಶಾಲೆ ನಡೆಸುತ್ತಿದ್ದರು. ಕೆಳಗೆ ದಿನವಿಡೀ ಪೈಪು ಕತ್ತರಿಸುವ ಸದ್ದು. ಆಫೀಸು, ಫೀಸು, ತಂದೆತಾಯಿಯರೊಂದಿಗೆ ನಗುನಗುತ್ತಾ ಮಾತಾಡುವುದು ಅಕ್ಕನ ಪಾಲಿಗೆ. ಮೂಗು ಸೋರುವ ಶಿಶುವರ್ಗ ತಂಗಿಯ ಪಾಲಿಗೆ. ತಂಗಿ ಆ ಪೈಪಿನ ಸದ್ದನ್ನೂ ಬಿಡುತ್ತಿರಲಿಲ್ಲ. "ಕಣ್ಣು ಮುಚ್ಚಿ. ಕೆಳಗಡೆ ಏನಂತ ಸದ್ದು ಬರ್ತಿದೆ? ನಿಮ್ಮ ಬಾಯಲ್ಲಿ ಮಾಡಿ ನೋಡೋಣ," ಎನ್ನುತ್ತಿದ್ದಳು. ಮಕ್ಕಳೆಲ್ಲ ಸೇರಿ ಝ್ಝ್ ಎಂದು ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದರು.

ಅವಳ ಪಾಠವೆಂದರೆ ಅದೇ. ಶೂ ಬಂದ ರಟ್ಟಿನ ಡಬ್ಬಿಗೆ ಬಾಯಿ ಕೊರೆದು ಎರಡು ಕಣ್ಣು ಅಂಟಿಸಿದ್ದಳು. ಅದರ ಹೆಸರು ಹಸಿದ ಡಬ್ಬಿ. ಇವತ್ತು ಅದಕ್ಕೆ 'ಬ' ಮಾತ್ರ ಸೇರುತ್ತದೆ ಎಂದರೆ ಬಟನ್ನು, ಬಾಚಣಿಗೆ, ಬೀಗ ಒಳಗೆ ಹೋಗಬೇಕು. ಚಮಚ ಹಾಕಿದರೆ ಡಬ್ಬಿ ಥೂ ಎಂದು ಉಗುಳುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ ಬರೆದು, ಸದ್ದು ಕೇಳಿದ ಕಡೆಗೆ ಕಪ್ಪೆಯಂತೆ ಕುಪ್ಪಳಿಸಬೇಕು. ಆಮೇಲೆ ನಿಧಾನದ ಮಾತು. ಮಿಸ್ "ಕು... ರ್ಚಿ" ಎಂದು ಎಳೆದು ಹೇಳಿದರೆ, ಮಕ್ಕಳು ಜೋಡಿಸಿಕೊಂಡು ಓಡಿ ಹೋಗಿ ಆ ವಸ್ತುವನ್ನು ಮುಟ್ಟಬೇಕು.

"ಓದು ಯಾವಾಗ ಕಲಿಸ್ತೀಯೇ?" ಎಂದು ಅಕ್ಕ ಕೇಳುತ್ತಿದ್ದಳು.

"ಅದನ್ನೇ ಕಲಿಸ್ತಿರೋದು."

"ಇದು ಕುಣಿತ ಕಣೇ. ತಂದೆತಾಯಿಗಳು ದುಡ್ಡು ಕೊಡೋದು ಮಕ್ಕಳು ಕಪ್ಪೆ ಆಗ್ಲಿ ಅಂತಲ್ಲ."

ತರಗತಿಯಲ್ಲಿ ಒಬ್ಬಳಿದ್ದಳು. ಎಲ್ಲದಕ್ಕೂ ಯಾಕೆ ಯಾಕೆ ಎಂದು ಕೇಳಿ ಕೇಳಿ ಯಾಕಮ್ಮ ಎಂದೇ ಹೆಸರಾಗಿತ್ತು. ಉಳಿದವರು ಮುಂದೆ ಹೋದರೂ ಅವಳಿಗೆ ಅಕ್ಷರ ಕೂಡುತ್ತಿರಲಿಲ್ಲ. ಅವಳಪ್ಪ ಬಸ್ ಡ್ರೈವರ್. ಒಂದು ಬೆಳಿಗ್ಗೆ ಮೆಟ್ಟಿಲ ಮೇಲೇ ಚಿಕ್ಕ ಮಿಸ್ಸನ್ನು ನಿಲ್ಲಿಸಿದ.

"ಆಟ ಆಡಿದ್ದು ಸಾಕು ಮೇಡಂ. ಪೋಷಕರ ಸಭೆ ದಿನ ಇವಳು ಓದಿದ್ರೆ ಸರಿ. ಇಲ್ಲಾಂದ್ರೆ ಡಿಪೋ ಹತ್ರ ಇರೋ ಶಾಲೆಗೆ ಹಾಕ್ತೀನಿ. ಅಲ್ಲಿ ಬೆತ್ತ ಇದೆ. ಬಾಯಿ ಮುಚ್ಕೊಂಡು ಓದೋದು ಕಲೀತಾಳೆ."

"ಬಾಯಿ ಮುಚ್ಕೊಂಡು ಓದೋದು ಹೇಗೆ ಸಾರ್?" ಎಂದಳು ಚಿಕ್ಕ ಮಿಸ್. ಅವನು ನಗಲಿಲ್ಲ. ಅವಳೂ ನಗಿಸಲು ಹೇಳಿರಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಯಾಕಮ್ಮ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಮುಂದೆ ನಿಂತು, "ಬಾ... ಗಿ... ಲು," ಎಂದಳು. ಇನ್ನೊಮ್ಮೆ ಹೇಳಿದಳು. ಆಮೇಲೆ ಮೆಲ್ಲಗೆ ಬಾಗಿಲನ್ನು ಮುಟ್ಟಿ, "ಇದೇ," ಎಂದಳು. ಆಮೆಯೊಂದು ಕಳೆದುಹೋದ ಕೊಡೆಯನ್ನು ಹುಡುಕುವ ದೊಡ್ಡ ಚಿತ್ರಪುಸ್ತಕ ತರಗತಿಯಲ್ಲಿತ್ತು. ಸಭೆಯ ದಿನ ಒಂದೊಂದು ಮಗು ಒಂದೊಂದು ಪುಟ ಓದುವುದೆಂದು ತೀರ್ಮಾನವಾಗಿತ್ತು. ಯಾಕಮ್ಮ ತಡವರಿಸಿದರೂ ಓದಿಯೇ ಓದುತ್ತಾಳೆ ಎಂದು ಚಿಕ್ಕ ಮಿಸ್‌ಗೆ ಧೈರ್ಯ ಬಂತು.

ಸಭೆಗೆ ವಾರವಿರುವಾಗ ಅಕ್ಕ, "ಕೊನೇ ಪಿರಿಯಡ್ಡು ಮಕ್ಕಳನ್ನ ನನ್ನ ಹತ್ರ ಕಳಿಸು, ಹಾಡು ಹೇಳಿಕೊಡ್ತೀನಿ. ನೀನು ಬಣ್ಣದ ಕಾಗದ ಕತ್ತರಿಸು," ಎಂದಳು. ತಂಗಿ ನಂಬಿದಳು. ನಂಬಿ, ಪಕ್ಕದ ಕೋಣೆಯಲ್ಲಿ ಕುಳಿತು ದಡ್ಡಿಯ ಹಾಗೆ ಕಾಗದದ ಹೂವು ಕತ್ತರಿಸಿದಳು.

ಸಭೆಯ ದಿನ ಮೊದಲ ಹುಡುಗ ಪುಸ್ತಕದ ಸ್ಟ್ಯಾಂಡಿನ ಮುಂದೆ ನಿಂತು, ಕತ್ತೆತ್ತಿ ಫ್ಯಾನು ನೋಡುತ್ತಾ, "ಒಂದೂರಲ್ಲಿ ಒಂದು ಆಮೆ ಇತ್ತು," ಎಂದು ಒಂದೇ ಉಸಿರಿಗೆ ಒಪ್ಪಿಸಿದಾಗ ಅವಳಿಗೆ ಎಲ್ಲವೂ ಗೊತ್ತಾಗಿಹೋಯಿತು. ಗಿಳಿಪಾಠ. ಹಾಡಿನ ನೆವದಲ್ಲಿ ವಾರವಿಡೀ ಬಾಯಿಪಾಠ ಮಾಡಿಸಲಾಗಿತ್ತು. ಚಪ್ಪಾಳೆ ಬಿತ್ತು. ಎರಡನೆಯವಳು ಬಾಗಿಲ ಕಡೆ ನೋಡುತ್ತಾ ಒಪ್ಪಿಸಿದಳು. ಅದಕ್ಕೂ ಚಪ್ಪಾಳೆ. ತಂಗಿಯ ಪಿತ್ತ ನೆತ್ತಿಗೇರಿತು. ಬಾಯಿಪಾಠ ಮಾಡಿಸಿದ್ದಕ್ಕಲ್ಲ, ಈ ಮಕ್ಕಳಲ್ಲಿ ಅರ್ಧ ಜನಕ್ಕೆ ನಿಜವಾಗಿಯೂ ಓದಲು ಬರುತ್ತಿತ್ತು, ಅದಕ್ಕೆ. ನಿಧಾನವಾಗಿ, ಬೆರಳಿಟ್ಟು ಓದುತ್ತಿದ್ದ ಮಕ್ಕಳಿಗೆ ಪುಸ್ತಕ ನೋಡುವ ಅಗತ್ಯವೇ ಇಲ್ಲವೆಂದು ಅಕ್ಕ ಒಂದೇ ವಾರದಲ್ಲಿ ಕಲಿಸಿಬಿಟ್ಟಿದ್ದಳು.

ಒಬ್ಬೊಬ್ಬರಾಗಿ ಒಪ್ಪಿಸುತ್ತಾ ಕೊನೆಯ ಪುಟ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ಸೆಕೆ ಎಂದರು. ಇನ್ಯಾರೋ ಎದ್ದು ಫ್ಯಾನು ಜೋರು ಮಾಡಿದರು. ಪುಸ್ತಕದ ಹಾಳೆಗಳು ಪಟಪಟನೆ ಹಿಂದಕ್ಕೆ ಮಗುಚಿಕೊಂಡು ಎಲ್ಲೋ ನಡುವಿನ ಪುಟದಲ್ಲಿ ನಿಂತವು. ಪುಸ್ತಕದ ಕಡೆ ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಪುಟ ಮಗುಚಲು ಪಕ್ಕದಲ್ಲಿ ನಿಂತಿದ್ದ ತಂಗಿ ಮಾತ್ರ ನೋಡಿದಳು. ಸರಿಪಡಿಸಲು ಕೈ ಚಾಚುವಷ್ಟರಲ್ಲಿ ಯಾಕಮ್ಮ ಬಂದು ನಿಂತಾಗಿತ್ತು. ಕೊನೆಯ ಪುಟ ಅವಳದು.

ಯಾಕಮ್ಮ ಫ್ಯಾನು ನೋಡಲಿಲ್ಲ. ಪುಟದ ಮೇಲೆ ಬೆರಳಿಟ್ಟಳು. "ಆ... ಮೆ. ಆಮೆ. ಮೇ... ಜಿ... ನ. ಮೇಜಿನ. ಅ... ಡಿ... ಗೆ."

ಕೋಣೆಯಲ್ಲಿ ನಗು ಹರಡಿತು. "ಅದು ಆಗಲೇ ಆಯ್ತಲ್ಲ ಪುಟ್ಟಿ," ಎಂದರು ಒಬ್ಬರು. ಯಾಕಮ್ಮ ಬೆರಳು ತೆಗೆಯಲಿಲ್ಲ. "ಓ... ಡಿ... ತು. ಓಡಿತು." ಅವಳಪ್ಪ ತಲೆ ತಗ್ಗಿಸಿ ಬಸ್ಸಿನ ಬೀಗದ ಕೈಯನ್ನು ತಿರುಗಿಸುತ್ತಾ ಕುಳಿತ. ಅವಳು ಅಪ್ಪನ ಕಡೆ ನೋಡಿದಳು, ಆಮೇಲೆ ತನ್ನ ಬೆರಳನ್ನು ನೋಡಿಕೊಂಡಳು, ತಪ್ಪೆಲ್ಲ ಆ ಬೆರಳಿನದೇ ಎಂಬಂತೆ.

ದೊಡ್ಡ ಮಿಸ್ ಬೆಣ್ಣೆಯಂಥ ದನಿಯಲ್ಲಿ, "ಪಾಪ, ಮರೆತುಬಿಟ್ಟಿದ್ದಾಳೆ," ಎಂದಳು.

ಅಲ್ಲಿಗೆ ತಂಗಿಯ ತಾಳ್ಮೆಯ ಕಟ್ಟೆ ಒಡೆಯಿತು.

"ಓದೋದನ್ನ ಮರೆಯೋದು ಹೇಗೆ ಅಕ್ಕಾ? ಎದುರಿಗೇ ಬರೆದಿದೆಯಲ್ಲ."

"ಆಮೇಲೆ ಮಾತಾಡೋಣ ಬಿಡು," ಎಂದು ಅಕ್ಕ ಹಲ್ಲು ಕಚ್ಚಿ ನಕ್ಕಳು.

"ಆಮೇಲೆ ಬೇಡ. ಈ ಪುಟ ನೀನೇ ಓದು."

ಬೇರೆ ಮಗುವನ್ನು ಕರೆದು ಓದಿಸಬಹುದಿತ್ತು. ಆದರೆ ಅಷ್ಟು ಜನರ ಮುಂದೆ ಇನ್ನೊಂದು ಐದು ವರ್ಷದ ಮಗುವಿನ ಮಾನ ಕಳೆಯಲು ಅವಳ ಕೋಪಕ್ಕೂ ಮನಸ್ಸಾಗಲಿಲ್ಲ. ಅಕ್ಕನ ಬಗ್ಗೆ ಆ ದಾಕ್ಷಿಣ್ಯ ಇರಲಿಲ್ಲ.

ದೊಡ್ಡ ಮಿಸ್ ಸ್ಟ್ಯಾಂಡಿನ ಹತ್ತಿರ ಬಂದಳು. ಕತ್ತಿನಲ್ಲಿ ನೇತಾಡುತ್ತಿದ್ದ ಕನ್ನಡಕವನ್ನು ಹಾಕಿಕೊಳ್ಳಲಿಲ್ಲ. ಪೋಷಕರ ಕಡೆಗೆ ತಿರುಗಿ, ಮುಖದ ತುಂಬಾ ನಗು ತುಂಬಿಕೊಂಡು, "ಕೊನೆಗೆ ಆಮೆಗೆ ತನ್ನ ಕೊಡೆ ಸಿಕ್ಕಿತು," ಎಂದು ಸ್ಪಷ್ಟವಾಗಿ ಹೇಳಿದಳು.

"ಇಲ್ಲಿ ಹಾಗಿಲ್ಲ ಮಿಸ್," ಎಂದಳು ಯಾಕಮ್ಮ.

ಡ್ರೈವರ್ ಎದ್ದ. ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಬಂದು ಪುಸ್ತಕದ ಮುಂದೆ ಬಗ್ಗಿ, ಮಗಳು ಇಟ್ಟ ಕಡೆಯಲ್ಲೇ ಬೆರಳಿಟ್ಟು ಗಟ್ಟಿಯಾಗಿ ಓದಿದ. "ಆಮೆ ಮೇಜಿನ ಅಡಿಗೆ ಓಡಿತು." ಎರಡನೇ ಸಲ ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಮಗಳ ತಲೆಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟ.

ಮುಂದಿನ ಸಾಲಿನ ತಾಯಿಯೊಬ್ಬಳು ತನ್ನ ಮಗನನ್ನು ರಟ್ಟೆ ಹಿಡಿದು ಎಬ್ಬಿಸಿದಳು. "ಬಾ ಇಲ್ಲಿ. ನೀನೂ ಓದು, ನೋಡೋಣ."

ಹುಡುಗ ಫ್ಯಾನಿನ ಕಡೆ ನೋಡಿದ. ಚಿಕ್ಕ ಮಿಸ್ ಪುಸ್ತಕಕ್ಕೆ ಅಡ್ಡ ನಿಂತಳು.

"ಮಗೂನ ಕೇಳ್ಬೇಡಿ ಅಮ್ಮಾ. ಅವನು ನಾವು ಹೇಳಿಕೊಟ್ಟಿದ್ದನ್ನ ಮಾಡಿದ್ದಾನೆ. ಕೇಳೋದಿದ್ರೆ ನಮ್ಮಿಬ್ಬರನ್ನ ಕೇಳಿ."

"ನನ್ನ ಮುಖಕ್ಕೆ ಮಸಿ ಬಳಿದೆಯಲ್ಲೇ," ಎಂದು ಅಕ್ಕ ಕಿವಿಯ ಹತ್ತಿರ ಪಿಸುಗುಟ್ಟಿದಳು. ತಂಗಿ ಪುಸ್ತಕದ ಮುಂದಿನಿಂದ ಸರಿದು ಪುಟವನ್ನು ಯಾಕಮ್ಮನ ಕಡೆ ತಿರುಗಿಸಿದಳು.

ಕೆಳಗೆ ಪೈಪು ಕತ್ತರಿಸುವ ಸದ್ದು ನಿಂತಿತ್ತು. ಪುಟದಲ್ಲೇ ಕಣ್ಣು ನೆಟ್ಟಿದ್ದ ಯಾಕಮ್ಮ ಅಪ್ಪನ ಕೈಯಡಿಯಿಂದ ತಲೆಯೆತ್ತಿದಳು.

"ಮಿಸ್, ಆಮೆ ಯಾಕೆ ಓಡಿತು? ಆಮೆಗೆ ಓಡೋಕೆ ಬರಲ್ಲವಲ್ಲ."

ಒಂದು ವಾರದಿಂದ ಇಡೀ ತರಗತಿ ಆ ವಾಕ್ಯವನ್ನು ಹೇಳುತ್ತಿತ್ತು. ಇವತ್ತು ಇಷ್ಟೂ ದೊಡ್ಡವರು ಅದಕ್ಕೆ ಚಪ್ಪಾಳೆ ತಟ್ಟಿದ್ದರು. ಒಬ್ಬರಿಗಾದರೂ ಈ ಪ್ರಶ್ನೆ ಹುಟ್ಟಿರಲಿಲ್ಲ.

ತಂಗಿ ಅಕ್ಕನ ಕಡೆ ತಿರುಗಿದಳು.

"ಉತ್ತರ ಹೇಳು," ಎಂದಳು.