ಒಂದು ನಿಮಿಷದ ನಿಯಮ

ಪ್ರಯೋಗಾಲಯದಲ್ಲಿ ಎಲ್ಲರಿಗೂ ಆಕೆ ಅಕ್ಕ. ಹದಿನಾರು ವರ್ಷಗಳಿಂದ ಅಕ್ಕನದು ಒಂದೇ ಕೆಲಸ: ಆಮ್ಲಜನಕವಿಲ್ಲದೆ ಯಾವ ಪ್ರಾಣಿ ಎಷ್ಟು ಹೊತ್ತು ಬದುಕಿರುತ್ತದೆಂದು ಅಳೆಯುವುದು. ಇಲಿಗಳದು ಚಹಾ ಆರುವಷ್ಟರಲ್ಲಿ ಮುಗಿಯುತ್ತಿತ್ತು. ಈ ಸಲ ಬಂದದ್ದು ಕೊಳದ ಆಮೆಗಳು, ಒಟ್ಟು ಮೂವತ್ತೊಂಬತ್ತು. ಅವಕ್ಕೆ ಸಾಯಲೂ ಅವಸರವಿಲ್ಲ.

ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ಆಮೆ ಅಲುಗಾಟ ನಿಲ್ಲಿಸಿದ ಮೇಲೆ, ಪೆಟ್ಟಿಗೆಗೆ ಜೋಡಿಸಿದ ಕೈಗವಸಿನೊಳಗೆ ಕೈ ತೂರಿಸಿ, ಚಿಮಟದಿಂದ ಅದರ ಹಿಂಗಾಲು ಚಿವುಟಬೇಕು. ಒಂದು ನಿಮಿಷದೊಳಗೆ ಕಾಲೆಳೆದುಕೊಳ್ಳದಿದ್ದರೆ ಸತ್ತಂತೆ. ಈ ನಿಯಮ ಇಲಿಗಳ ಕಾಲದಲ್ಲಿ ಅಕ್ಕನೇ ಮಾಡಿದ್ದು. "ಅಕ್ಕ ಸತ್ತಿದೆ ಅಂದ್ರೆ ಯಮನೂ ಎದುರು ಮಾತಾಡಲ್ಲ" ಎಂದು ಪ್ರಯೋಗ ನಡೆಸುವ ವಿಜ್ಞಾನಿ ತಮಾಷೆ ಮಾಡುತ್ತಿದ್ದ. ಮೇಲೆ ಮುಖ ಗಂಟಿಕ್ಕಿದರೂ ಅಕ್ಕನಿಗೆ ಒಳಗೊಳಗೇ ಹಿಗ್ಗು.

ಕೊನೆಯ ಆಮೆಯ ಕಾಲು ಚಿವುಟುವಾಗ ಫೋನು ಬಂತು. ಅಕ್ಕ ಇನ್ನೊಂದು ಕೈಯಲ್ಲಿ ಎತ್ತಿಕೊಂಡಳು. ಮಗಳು.

"ಅಮ್ಮಾ, ಕತ್ತರಿ ಎಲ್ಲಿ?"

"ಕಣ್ಣೆದುರಿಗೇ ಇರುತ್ತೆ, ನೋಡು."

"ಇಲ್ಲಮ್ಮಾ."

"ನಾನು ಬಂದ್ರೆ ಸಿಗುತ್ತೆ, ನೀನು ಹುಡುಕಿದ್ರೆ ಸಿಗಲ್ಲ, ಅಲ್ವಾ?"

ಕತ್ತರಿ ಸಿಗುವಷ್ಟರಲ್ಲಿ ನಾಲ್ಕು ನಿಮಿಷ ಕಳೆದಿತ್ತು. ಆಗ ಆಮೆ, ಎಬ್ಬಿಸಿದ್ದಕ್ಕೆ ಬೇಸರಪಟ್ಟ ಸೋಮಾರಿಯ ಹಾಗೆ, ಕಾಲನ್ನು ನಿಧಾನವಾಗಿ ಚಿಪ್ಪಿನೊಳಗೆ ಎಳೆದುಕೊಂಡಿತು.

ಅಕ್ಕ ತಕ್ಷಣ ಪೆಟ್ಟಿಗೆಗೆ ಗಾಳಿ ಬಿಟ್ಟಳು. ಈ ಆಮೆಯೇನೋ ಬದುಕಿತು, ಹಿಂದಿನ ಮೂವತ್ತೆಂಟು ನಿಜಕ್ಕೂ ಸತ್ತಿದ್ದವೇ?

ವಿಜ್ಞಾನಿ ಬಂದು ನೋಡಿ ತಲೆ ಕೆರೆದುಕೊಂಡ. "ಒಂದು ಹೀಗಾಯ್ತು ಅಂತ ಎಲ್ಲಾ ತಪ್ಪಾಗುತ್ತಾ ಅಕ್ಕಾ? ಇದೊಂದನ್ನ ಬಿಟ್ಟುಬಿಡಿ. ನಾಳೆ ವರದಿ ಕಳಿಸ್ಬೇಕು."

"ಉಳಿದವನ್ನ ನೋಡದೆ ಹೇಗೆ ಸರ್?"

ಫ್ರಿಜ್ಜಿನಲ್ಲಿ ಆ ಬೆಳಿಗ್ಗೆ ಸತ್ತವೆಂದು ಬರೆದ ಮೂರು ಆಮೆಗಳಿದ್ದವು. ಅಕ್ಕ ಅವನ್ನು ಮೇಜಿನ ಮೇಲಿಟ್ಟು, ಒಂದೊಂದರ ಕಾಲನ್ನೂ ಚಿವುಟಿ ಐದೈದು ನಿಮಿಷ ಕಾದಳು. ಮೊದಲನೆಯದು ಅಲುಗಲಿಲ್ಲ. ಎರಡನೆಯದೂ ಅಲುಗಲಿಲ್ಲ.

"ನಾನು ಹೇಳ್ಲಿಲ್ವಾ?" ಎಂದ ವಿಜ್ಞಾನಿ, ಹಗುರಾಗಿ.

ಮೂರನೆಯದು ಐದನೆಯ ನಿಮಿಷಕ್ಕೆ ಕಾಲೆಳೆದುಕೊಂಡಿತು.

ಆಮೆ ಕತ್ತು ಹೊರಚಾಚಲು ಪ್ರಯತ್ನಿಸುತ್ತಿತ್ತು.

"ಬಾಕಿ ಮೂವತ್ತೈದು?" ಎಂದು ಕೇಳಿದ ವಿಜ್ಞಾನಿ.

"ನಿನ್ನೆ ಸುಟ್ಟಾಯ್ತು ಸರ್. ನಾನೇ ಕೈಯಾರೆ ಒಲೆಗೆ ಹಾಕಿದ್ದು."