ಸುಣ್ಣ ಮೆತ್ತಿದ ಜಡೆ

ಊರಿನವರೆಲ್ಲ ಅವನನ್ನು ಕತ್ತರಿ ಮಾಮ ಎನ್ನುತ್ತಿದ್ದರು. ನಡುಪೇಟೆಯಲ್ಲಿ, ಉದ್ದಕ್ಕೂ ಕಮಾನುಗಳಿದ್ದ ಜಗಲಿಯ ಒಂದು ಮೂಲೆಗೆ, ಅವನ ಕಟಿಂಗ್ ಅಂಗಡಿ ಅವನಪ್ಪನ ಕಾಲದಿಂದಲೂ ಇತ್ತು. ಹೆದ್ದಾರಿ ಊರಾಚೆ ಹಾದುಹೋದ ಮೇಲೆ ಬಸ್ಸುಗಳು ಅತ್ತ ತಿರುಗಿದವು. ಬಸ್ಸಿನ ಹಿಂದೆ ಹೋಟೆಲು ಹೋಯಿತು, ಹೋಟೆಲಿನ ಹಿಂದೆ ಪಾತ್ರೆ ಅಂಗಡಿ, ಚಪ್ಪಲಿ ಅಂಗಡಿ, ಔಷಧದ ಅಂಗಡಿ ಎಲ್ಲ ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಬೀದಿಯಲ್ಲಿ ಉಳಿದದ್ದು ತುಕ್ಕು ಹಿಡಿದ ಶಟರುಗಳು, ಹರಿದ ಪೋಸ್ಟರುಗಳು, ಮಹಡಿಯ ಕಿಟಕಿಗಳಲ್ಲಿ ಸಂಸಾರ ಹೂಡಿದ ಪಾರಿವಾಳಗಳು. ಕತ್ತರಿ ಮಾಮನ ಬಾಗಿಲು ಮಾತ್ರ ದಿನವೂ ತೆರೆಯುತ್ತಿತ್ತು. "ನನ್ನ ಹತ್ರ ಬರೋರಿಗೆ ಬಸ್ಸು ಯಾಕೆ? ತಲೇಲಿ ಕೂದಲಿದ್ರೆ ಸಾಕು" ಎನ್ನುತ್ತಿದ್ದ. ಆದರೆ ಬರುತ್ತಿದ್ದವರೆಲ್ಲ ಅವನ ವಯಸ್ಸಿನವರೇ. ಅವರ ತಲೆಯಲ್ಲಿ ಕೂದಲೂ ವರ್ಷ ವರ್ಷಕ್ಕೆ ಕಮ್ಮಿಯಾಗುತ್ತಿತ್ತು.

ಅಂಥದ್ದರಲ್ಲಿ ಮಗಳು ಗಂಡನ ಮನೆಯಿಂದ ಬಂದಳು. ಒಂದು ಚೀಲ ಹಿಡಿದು ಬಾಗಿಲಲ್ಲಿ ನಿಂತು, "ಅಮ್ಮಾ, ಹಸಿವಾಗ್ತಿದೆ" ಎಂದಳು. ಉಂಡಳು, ಮಲಗಿದಳು. ವಾರ ಕಳೆದರೂ ವಾಪಸು ಹೋಗುವ ಮಾತೆತ್ತಲಿಲ್ಲ. ತಾಯಿ ಕೇಳಿದಾಗ "ಬಂದೆ, ಅಷ್ಟೆ" ಅಂದಳು. ಮತ್ತೆ ಕೇಳಿದಾಗ ಎದ್ದು ಪಾತ್ರೆ ತೊಳೆಯಲು ಹೋದಳು. ಅಪ್ಪ ಕೇಳಲೇ ಇಲ್ಲ. ಊರಿನ ಅರ್ಧ ಗಂಡಸರ ಗುಟ್ಟು ಅವನ ಕಿವಿಯಲ್ಲಿತ್ತು. ಯಾರ ಮನೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾರ ಮಗ ಯಾರನ್ನು ಮೆಚ್ಚಿದ್ದಾನೆ, ಎಲ್ಲವೂ ಅವನಿಗೆ ಗೊತ್ತು. ಕುರ್ಚಿಯಲ್ಲಿ ಕೂತವರನ್ನು ಮಾತಾಡಿಸುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಸ್ವಂತ ಮಗಳ ಎದುರು ಊಟಕ್ಕೆ ಕೂತರೆ ಮಾತ್ರ "ಉಪ್ಪು ಕೊಡು" ಅನ್ನುವುದಕ್ಕಿಂತ ಮುಂದೆ ನಾಲಿಗೆ ಹೊರಳುತ್ತಿರಲಿಲ್ಲ.

ಅದೇ ಹೊತ್ತಿಗೆ ಪೇಟೆಯ ಕಟ್ಟಡಗಳ ಮಾತು ಶುರುವಾಯಿತು. ಸಾಲಿನಲ್ಲಿ ಅರ್ಧದಷ್ಟು ಜವಳಿ ಸಾಹುಕಾರರದ್ದು. ಎಲ್ಲ ಕೆಡವಿ ಗಾಜಿನ ಕಾಂಪ್ಲೆಕ್ಸ್ ಎಬ್ಬಿಸುವುದು ಅವರ ಆಸೆ. ಪುರಸಭೆಯವರು ಅದಕ್ಕೂ ಮುಂಚೆ ಒಮ್ಮೆ ನೋಡಲಿ ಎಂದು ಹಳೆ ಕಟ್ಟಡಗಳ ಕೆಲಸ ಬಲ್ಲ ಒಬ್ಬ ಹೆಣ್ಣುಮಗಳನ್ನು ಕರೆಸಿದರು. ಊರು ಅವರನ್ನು ಎಂಜಿನಿಯರಮ್ಮ ಎಂದು ಕರೆಯಿತು. ಆಯಮ್ಮ ಹೆಚ್ಚು ಮಾತಾಡಲಿಲ್ಲ. ಸಾಹುಕಾರರ ಹಳೆ ಅಂಗಡಿಯ ಮುಂದಿನ ತಗಡಿನ ಬೋರ್ಡು ಇಳಿಸಿ, ಅದರ ಹಿಂದಿನ ಸಿಮೆಂಟು ಪದರ ತೆಗೆಸಿದರು. ಒಳಗಿಂದ ಕಮಾನಿನ ಸುತ್ತ ಸುಣ್ಣದ ಗಾರೆಯಲ್ಲಿ ಮಾಡಿದ ಬಳ್ಳಿ ಹೊರಬಂತು. ಬಳ್ಳಿಯ ತುದಿಯಲ್ಲಿ ಕೊಕ್ಕು ಮುರಿದ ಒಂದು ಹಕ್ಕಿ. ಸಾಹುಕಾರರು ಕನ್ನಡಕ ಒರೆಸಿಕೊಂಡು ತಲೆಯೆತ್ತಿ ನೋಡಿದರು.

"ಇದು ಇಲ್ಲೇ ಇತ್ತಾ? ನಮ್ಮ ತಾತ ಹೇಳೋರು, ಅಂಗಡಿ ಮೇಲೆ ಹಕ್ಕಿ ಇದೆ ಅಂತ. ನಾನು ಕಥೆ ಅಂದ್ಕೊಂಡಿದ್ದೆ" ಎಂದರು. ಕೆಡವುವ ಮಾತು ಅಲ್ಲಿಗೆ ನಿಂತಿತು.

ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯೊಬ್ಬ ಬೇರೆ ಊರಿನಿಂದ ಬಂದ. ಅವನ ಒಂದು ಕಿವಿ ಮಂದ; ಅದಕ್ಕೇ ಇರಬೇಕು, ಗಂಟಲು ಮಾತ್ರ ಮೂರು ಬೀದಿಗೆ ಸಾಲುವಷ್ಟಿತ್ತು. ಕೆಲಸಕ್ಕೆ ಜನ ಬೇಕು, ಕಲಿಯುವ ಮನಸ್ಸಿದ್ದರೆ ಸಾಕು ಎಂದು ಅವನು ಬಂದ ದಿನವೇ ಬೀದಿಯಲ್ಲಿ ನಿಂತು ಕೂಗಿ ಹೇಳಿದ.

ಕತ್ತರಿ ಮಾಮನಿಗೆ ವಿಷಯ ತಿಳಿದದ್ದು ಕನ್ನಡಿಯಲ್ಲಿ. ಅಂಚೆಯವನ ಗಡ್ಡ ಕೆರೆಯುತ್ತಿದ್ದ. ಕನ್ನಡಿಯೊಳಗೆ ಎದುರಿನ ಜಗಲಿ ಕಾಣುತ್ತಿತ್ತು. ಸೀರೆಯ ಮೇಲೆ ಗಂಡಸರ ಹಳೆ ಅಂಗಿ ತೊಟ್ಟ ಹೆಂಗಸೊಬ್ಬಳು ಮರಳಿನ ಬಾಣಲೆ ಹೊತ್ತು ಹೋದಳು. ಅಂಗಿ ತನ್ನದು ಎಂದು ಮೊದಲು ಗೊತ್ತಾಯಿತು. ಹೆಂಗಸು ತನ್ನ ಮಗಳೆಂದು ಆಮೇಲೆ.

"ಮಾಮಾ," ಎಂದ ಅಂಚೆಯವನು ತುಟಿ ಅಲುಗಿಸದೆ, "ಕತ್ತಿ ನಿಂತಿರೋ ಜಾಗ ಸರಿಯಾಗಿಲ್ಲ."

ಮನೆಗೆ ಹೋದವನೇ ಹೆಂಡತಿಯನ್ನು ಕೇಳಿದ. "ನಿಂಗೆ ಗೊತ್ತಿತ್ತೇನೇ?"

"ಗೊತ್ತಿತ್ತು. ನನ್ನನ್ನ ಕೇಳೇ ಹೋದಳು. ನಿಮ್ಮನ್ನ ಕೇಳೋಕೆ ನೀವು ಬಾಯಿ ಬಿಟ್ರೆ ತಾನೆ?"

"ಜನ ಏನಂತಾರೆ?"

"ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ? ದಿನವೆಲ್ಲ ಅದನ್ನೇ ಕೇಳ್ಕೊಂಡು ಕೂತಿರ್ತೀರಲ್ಲ."

ಅವನು ಮುಖ ಗಂಟಿಕ್ಕಿಕೊಂಡು ಎದ್ದುಹೋದ. ಅಷ್ಟು ಕಷ್ಟಪಟ್ಟು, ಒಳ್ಳೆಯ ಮನೆ ಅಂತ ನಾಲ್ಕು ಕಡೆ ವಿಚಾರಿಸಿ, ಮದುವೆ ಮಾಡಿಕೊಟ್ಟ ಮಗಳು ಈಗ ತನ್ನ ಅಂಗಡಿಯ ಎದುರಿಗೇ ಮಣ್ಣು ಹೊರುತ್ತಿದ್ದಾಳೆ. ತನಗೆ ಬಂದದ್ದು ಸಿಟ್ಟು ಎಂದುಕೊಂಡ. ಆದರೆ ಸಿಟ್ಟಿದ್ದರೆ ಮರುದಿನ ಅಷ್ಟು ಬೇಗ ಅಂಗಡಿ ತೆಗೆಯಬೇಕಾಗಿರಲಿಲ್ಲ.

ಅಂದಿನಿಂದ ಅವನ ಅಂಗಡಿಯ ಮುಂಬಾಗಿಲಲ್ಲಿ ಎಷ್ಟು ಗುಡಿಸಿದರೂ ಕಸ ಮುಗಿಯದು. ಪೊರಕೆ ಹಿಡಿದು ನಿಂತೇ ನೋಡುತ್ತಿದ್ದ. ಮಗಳು ಮರಳು ಜರಡಿ ಹಿಡಿಯುವುದನ್ನು ಕಲಿತಳು. ಗುಂಡಿಯಲ್ಲಿ ಸುಣ್ಣ ಕುದಿದು ಕುದಿದು ತಣ್ಣಗಾಗಿ ಬೆಣ್ಣೆಯಂತಾಗುವವರೆಗೆ ಕಾಯುವುದನ್ನು ಕಲಿತಳು. ಒಂದು ದಿನ ಮೇಸ್ತ್ರಿ ತನ್ನ ಕರಣೆಯನ್ನೇ ಅವಳ ಕೈಗೆ ಕೊಟ್ಟು ಗೋಡೆ ತೋರಿಸಿದ. ಅವಳು ಗಾರೆ ಹಚ್ಚಿ, ಸವರಿ, ಹಿಂದೆ ಸರಿದು ನೋಡಿ, ಮತ್ತೆ ಸವರಿದಳು.

"ಏ ಮಗಾ, ಸುಣ್ಣ ತನಗೆ ಬೇಕಾದಾಗ ಒಣಗತ್ತೆ!" ಎಂದು ಮೇಸ್ತ್ರಿ ಪಕ್ಕದಲ್ಲಿದ್ದ ಗಂಡಾಳಿಗೆ ಅಬ್ಬರಿಸಿದ. "ಬೈದ್ರೂ ಒಣಗಲ್ಲ, ಕಾಲು ಹಿಡಿದ್ರೂ ಒಣಗಲ್ಲ! ಈ ಹುಡುಗಿ ನೋಡಿ ಕಲಿ! ಇವಳ ಕೈಯಲ್ಲಿ ಆತುರ ಇಲ್ಲ!"

ಬೀದಿಗೆ ಬೀದಿಯೇ ಕೇಳಿಸಿಕೊಂಡಿತು. ಕುರ್ಚಿಯಲ್ಲಿದ್ದ ಗಿರಾಕಿ ಕನ್ನಡಿಯಲ್ಲೇ ಕತ್ತರಿ ಮಾಮನ ಮುಖ ನೋಡಿದ. ಮಾಮ ಕೈಯಲ್ಲಿದ್ದ ಬಾಚಣಿಗೆಯನ್ನೇ ಮೇಜಿನ ಮೇಲೆ ಹುಡುಕತೊಡಗಿದ.

ಒಂದು ಅನಾಹುತವಾದದ್ದು ಕಮಾನುಗಳ ಮೇಲುಗಡೆಗೆ ಸುಣ್ಣ ಬಳಿಯುವಾಗ. ಕೆಲಸದವರು ನಿಂತು ಬಳಿಯಲು ಕಟ್ಟಿದ ಮರದ ಸಾರುವೆ ಎರಡು ಅಂತಸ್ತಿನದು. ಮೇಲಿದ್ದವನು ಪಕ್ಕಕ್ಕೆ ಸರಿಯುವಾಗ ಕಾಲು ತಾಗಿ ಬಕೆಟ್ಟು ಮಗುಚಿತು. ತುಂಬಿದ ಬಕೆಟ್ಟಿನ ಗಟ್ಟಿ ಸುಣ್ಣ ನೇರವಾಗಿ ಕೆಳಗಿನ ಅಂತಸ್ತಿನಲ್ಲಿದ್ದ ಮಗಳ ತಲೆಯ ಮೇಲೆ ಸುರಿಯಿತು.

ಕತ್ತರಿ ಮಾಮ ಆಗ ಜವಳಿ ಸಾಹುಕಾರರ ಗಡ್ಡಕ್ಕೆ ನೊರೆ ಹಚ್ಚಿ ಒಂದು ಕೆನ್ನೆ ಮುಗಿಸಿದ್ದ. ಕನ್ನಡಿಯಲ್ಲಿ ಬೆಳ್ಳಗೆ ಏನೋ ಬಿದ್ದದ್ದು ಕಂಡಿತು. ಕತ್ತಿ ಎಲ್ಲಿಟ್ಟನೋ, ಬೀದಿ ಹೇಗೆ ದಾಟಿದನೋ ಅವನಿಗೆ ಗೊತ್ತಿಲ್ಲ.

"ಕಣ್ಣು ಮುಚ್ಚು! ತೆಗೀಬೇಡ, ನಾನಿದೀನಿ, ತೆಗೀಬೇಡ!"

ಅವಳ ರಟ್ಟೆ ಹಿಡಿದು ಅಂಗಡಿಗೆ ತಂದ. ಬೇಸಿನ್ನಿನ ಮೇಲೆ ತಲೆ ಬಗ್ಗಿಸಿ ಚೊಂಬಿನ ಮೇಲೆ ಚೊಂಬು ನೀರು ಸುರಿದ. ಹಣೆ, ರೆಪ್ಪೆ, ಕಿವಿಯ ಹಿಂದೆ, ನೆತ್ತಿ. ಹಸಿ ಸುಣ್ಣ ಚರ್ಮ ಸುಡುತ್ತದೆ ಎಂಬುದು ಅವನಿಗೆ ತಿಳಿದಿತ್ತು. ನೀರು ಮುಗಿದಾಗ ತಿರುಗಿ ನೋಡಿದರೆ ಸಾಹುಕಾರರು ಅರ್ಧ ಮುಖಕ್ಕೆ ನೊರೆ, ಕೊರಳಿಗೆ ಟವೆಲು ಸಮೇತ ಬೀದಿಯ ನಲ್ಲಿಯಿಂದ ಎರಡೂ ಕೈಯಲ್ಲಿ ಬಕೆಟ್ಟು ಹೊತ್ತು ಓಡಿ ಬರುತ್ತಿದ್ದರು. ಎಂಜಿನಿಯರಮ್ಮ ಪಕ್ಕದ ಬೀದಿಯ ಡಾಕ್ಟರಮ್ಮನನ್ನು ಕರೆತಂದರು. ಡಾಕ್ಟರಮ್ಮ ರೆಪ್ಪೆ ಬಿಡಿಸಿ ಟಾರ್ಚು ಹಾಕಿ ನೋಡಿ, "ಕಣ್ಣಿಗೆ ಏನೂ ಆಗಿಲ್ಲ. ತಕ್ಷಣ ನೀರು ಹೊಯ್ದಿದ್ದು ಒಳ್ಳೇದಾಯ್ತು" ಎಂದು ನೆತ್ತಿಗೆ ಮುಲಾಮು ಕೊಟ್ಟು ಹೋದರು. ಬಕೆಟ್ಟು ಉರುಳಿಸಿದವನು ಬಾಗಿಲಲ್ಲಿ ನಿಂತು ಅಳುತ್ತಿದ್ದ. ಮೇಸ್ತ್ರಿ ಅವನ ಬೆನ್ನು ತಟ್ಟುತ್ತ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದ.

ಎಲ್ಲರೂ ಚದುರಿದ ಮೇಲೆ ಕತ್ತರಿ ಮಾಮ ಬಾಗಿಲನ್ನು ಅರ್ಧ ಎಳೆದ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಕೊರಳ ಸುತ್ತ ಬಿಳಿ ಬಟ್ಟೆ ಕಟ್ಟಿದ. ನೆತ್ತಿಯ ಸುಣ್ಣ ತೊಳೆದು ಹೋಗಿತ್ತು. ಜಡೆಯದು ಮಾತ್ರ ಹೋಗಿರಲಿಲ್ಲ. ಸೊಂಟ ಮುಟ್ಟುವ ಜಡೆಯ ಹೆಣಿಗೆಯೊಳಗೆಲ್ಲ ಸುಣ್ಣ ಇಳಿದು ಕೂತು, ಹಗ್ಗದಂತೆ ಬಿರುಸಾಗಿತ್ತು. ಎಣ್ಣೆ ಹಚ್ಚಿ ತುದಿಯಿಂದ ಬಿಡಿಸಿ ನೋಡಿದ. ಕೂದಲು ಬಿಡಿಸಿಕೊಳ್ಳುವ ಬದಲು ಮುರಿಯುತ್ತಿತ್ತು.

ಈ ತಲೆಯನ್ನು ಅವನು ಮುಟ್ಟಿ ಎಷ್ಟು ಕಾಲವಾಗಿತ್ತು! ಚಿಕ್ಕವಳಿದ್ದಾಗ ಕುರ್ಚಿಯ ಎರಡು ಕೈಗಳ ಮೇಲೆ ಹಲಗೆಯಿಟ್ಟು ಕೂರಿಸಿ ಅವನೇ ಕೂದಲು ಕತ್ತರಿಸುತ್ತಿದ್ದ. ಆಮೇಲೆ ಹೆಂಡತಿ, ಇನ್ನು ಹುಡುಗಿ ಜಡೆ ಬಿಡಲಿ ಎಂದಳು. ಅಲ್ಲಿಂದ ಆ ತಲೆ ತಾಯಿಯ ಪಾಲಿಗೆ ಹೋಗಿತ್ತು.

"ಕತ್ತರಿಸಿಬಿಡು ಅಪ್ಪ."

"ನಿಮ್ಮಮ್ಮ ಸುಮ್ನೆ ಬಿಡ್ತಾಳಾ?"

"ನಿನ್ನನ್ನಾ, ನನ್ನನ್ನಾ?"

"ಇಬ್ಬರನ್ನೂ."

ಅವಳು ನಕ್ಕಳು. ಮನೆಗೆ ಬಂದಾಗಿನಿಂದ ಅವಳು ನಕ್ಕದ್ದನ್ನು ಅವನು ನೋಡಿರಲಿಲ್ಲ. ಕತ್ತರಿ ಎತ್ತಿಕೊಂಡು ಕುತ್ತಿಗೆಯ ಹತ್ತಿರ ಜಡೆಯನ್ನು ಹಿಡಿದ. ಒಂದೇ ಸಲಕ್ಕೆ ತುಂಡಾಗುವ ದಪ್ಪವಲ್ಲ ಅದು. ಕಚಕ್ ಕಚಕ್ ಎಂದು ಸ್ವಲ್ಪ ಸ್ವಲ್ಪವೇ ಕಡಿದು, ಕೊನೆಗೆ ಅದು ಅವನ ಕೈಗೆ ಬಂದಾಗ ನೆಲಕ್ಕೆ ಹಾಕಲು ಮನಸ್ಸಾಗದೆ ಮೇಜಿನ ಮೇಲೆ ಮಲಗಿಸಿದ. ಆಮೇಲೆ ಉಳಿದದ್ದನ್ನು ಸಮ ಮಾಡತೊಡಗಿದ.

ಆ ಕುರ್ಚಿಗೆ ಒಂದು ಗುಣವಿದೆ. ಕೂತವರು ಎದುರು ಬದುರು ನೋಡಬೇಕಾಗಿಲ್ಲ. ಹಿಂದೆ ಒಬ್ಬ ನಿಂತಿರುತ್ತಾನೆ, ಮುಂದೆ ಕನ್ನಡಿಯಿರುತ್ತದೆ. ಮಾತು ತಾನಾಗಿ ಹೊರಡುತ್ತದೆ. ಮಗಳು ಬಾಯಿ ತೆರೆದಾಗ ಅವನಿಗೆ ಅದು ಗೊತ್ತಾಯಿತು. ಕೇಳುವ ಧೈರ್ಯ ಇದೆಯೋ ಇಲ್ಲವೋ ಎಂಬುದು ಮಾತ್ರ ಗೊತ್ತಾಗಲಿಲ್ಲ.

"ಅಲ್ಲಿ ಯಾರೂ ಹೊಡೀಲಿಲ್ಲ ಅಪ್ಪ. ಬೈಯಲೂ ಇಲ್ಲ. ನೀವಿಬ್ಬರೂ ಏನೇನೋ ಅಂದ್ಕೊಂಡಿರ್ತೀರಿ ಅಂತ ಹೇಳ್ತಿದೀನಿ."

"ಹ್ಞೂಂ."

"ಒಂದ್ಸಲ ಜ್ವರ ಬಂದು ಮಲಗಿದ್ದೆ. ಸಂಜೆ ಅವರು ಬಂದ್ರು. ಬಟ್ಟೆ ಒಣಗಿದೆ, ತಂತಿ ಮೇಲೇ ಇದೆಯಲ್ಲ ಅಂದ್ರು. ಅಷ್ಟೇ. ಸಿಟ್ಟು ಮಾಡ್ಲಿಲ್ಲ. ತಾವೇ ಹೋಗಿ ತಂದ್ರು. ನಾನು ಮಲಗಿರೋದು ಅವರ ಕಣ್ಣಿಗೇ ಬೀಳಲಿಲ್ಲ." ಅವಳು ಮೇಜಿನ ಮೇಲಿನ ಜಡೆಯನ್ನು ನೋಡಿದಳು. "ದಿನಾ ಹಾಗೇ. ಮನೆತುಂಬ ಜನ. ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ. ಹೊಡೀತಾನೆ ಅಂದ್ರೆ ಜನಕ್ಕೆ ಅರ್ಥ ಆಗತ್ತೆ. ಕಾಣಿಸ್ತಾನೇ ಇಲ್ಲ ನಾನು ಅಂದ್ರೆ ಯಾರು ನಂಬ್ತಾರೆ? ನೀನು ನಂಬ್ತಿದ್ಯಾ?"

ಅವನು ಅವಳ ಕಿವಿಯ ಮೇಲಿನ ಕೂದಲನ್ನು ಬಾಚಿ ಹಿಡಿದ.

"ನಂಗೆ ಕಾಣಿಸ್ತಿತ್ತು. ದಿನಾ ಈ ಕನ್ನಡೀಲಿ ನೋಡ್ತಿದ್ದೆ. ನೀನು ಎಡಗೈಲಿ ಕರಣೆ ಹಿಡಿಯೋದು. ಮಧ್ಯಾಹ್ನ ಆ ಮೂಲೆ ಕಂಬಕ್ಕೇ ಒರಗಿ ಕೂರೋದು. ಏಣಿ ಹತ್ತುವಾಗ ನಡುವೆ ಒಂದ್ಸಲ ನಿಂತು ಉಸಿರು ತಗೋತೀಯಲ್ಲ, ಅದೂ. ನಿನ್ನೆ ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿಬಿಟ್ಟೆ. ಯಾಕೆ, ಪಲ್ಯ ಚೆನ್ನಾಗಿರ್ಲಿಲ್ವಾ?"

ಬಿಳಿ ಬಟ್ಟೆಯ ಕೆಳಗೆ ಅವಳ ಭುಜಗಳು ಅಲುಗತೊಡಗಿದವು. ಅವನು ಕತ್ತರಿಯನ್ನು ಮೇಲೆತ್ತಿ ಹಿಡಿದು ಕಾದ. ತಲೆ ಅಲುಗುವಾಗ ಕತ್ತರಿ ಆಡಿಸಬಾರದು. ಇನ್ನೊಂದು ಕೈಯನ್ನು ಮಾತ್ರ ನೆತ್ತಿಯ ಮೇಲೆ ಹಾಗೇ ಇಟ್ಟುಕೊಂಡಿದ್ದ.

"ಉಪ್ಪು ಜಾಸ್ತಿ ಇತ್ತು" ಎಂದಳು ಅವಳು, ಕೊನೆಗೆ.

ಅಷ್ಟರಲ್ಲಿ ಸುದ್ದಿ ಕೇಳಿ ಹೆಂಡತಿ ಒಂದೇ ಉಸಿರಿಗೆ ಓಡಿಬಂದಳು. ಮೇಜಿನ ಮೇಲಿನ ಜಡೆ ನೋಡಿ ಎದೆ ಹಿಡಿದುಕೊಂಡು ಗಿರಾಕಿಗಳ ಬೆಂಚಿನ ಮೇಲೆ ಕುಸಿದಳು. ಮಗಳ ಕಣ್ಣು, ಮುಖ, ಕೈ ಎಲ್ಲ ನೆಟ್ಟಗಿದೆಯೆಂದು ಮುಟ್ಟಿ ಮುಟ್ಟಿ ನೋಡಿದಳು. ಮಾತಾಡುವಷ್ಟು ಉಸಿರು ಬಂದ ಮೇಲೆ ಹಿಂದಕ್ಕೆ ಹೋಗಿ ನಿಂತು ತಲೆ ವಾಲಿಸಿ ಪರೀಕ್ಷೆ ಮಾಡಿದಳು.

"ಹಿಂದುಗಡೆ ಸ್ವಲ್ಪ ಓರೆಯಾಗಿದೆ, ಅಲ್ವೇನ್ರೀ?"

"ಓರೆ! ಜೀವಮಾನವೆಲ್ಲ ಕತ್ತರಿ ಹಿಡಿದಿರೋ ಕೈ ಇದು!"

"ಅದಕ್ಕೇ ಹೇಳ್ದೆ, ಕೈಗೆ ವಯಸ್ಸಾಯ್ತು ಅಂತ."

ಮಗಳು ಅಳುತ್ತಲೇ ನಗುತ್ತಿದ್ದಳು. ಅರ್ಧ ಎಳೆದಿದ್ದ ಬಾಗಿಲ ಸಂದಿಯಲ್ಲಿ ಜವಳಿ ಸಾಹುಕಾರರ ಮುಖ ಇಣುಕಿತು. ನೊರೆ ಒಣಗಿ ಗರಿಗರಿಯಾಗಿತ್ತು. "ಮಾಮಾ, ತೊಂದರೆ ಇಲ್ಲ, ನಿಧಾನಕ್ಕೆ ಮಾಡು. ಆದ್ರೆ ಇನ್ನೊಂದು ಕೆನ್ನೆ ಇವತ್ತೇ ಆಗತ್ತಾ?"

ಒಂದು ವಾರ ಮನೆಯಲ್ಲಿದ್ದು, ನೆತ್ತಿಯ ಉರಿ ಆರಿದ ಮೇಲೆ ಅವಳು ಮತ್ತೆ ಕೆಲಸಕ್ಕೆ ಹೋದಳು. ಈ ಸಲ ಅಪ್ಪನೇ ತಲೆಗೆ ದಪ್ಪ ಬಟ್ಟೆ ಕಟ್ಟಿ ಕಳಿಸಿದ. ಸಾರುವೆಯ ಕಟ್ಟುಗಳನ್ನು ಒಂದೊಂದಾಗಿ ಎಳೆದು ನೋಡಿ, ಮೇಸ್ತ್ರಿಯ ಚೆನ್ನಾಗಿರುವ ಕಿವಿಯ ಬಳಿ ಹೋಗಿ ಎರಡು ಮಾತು ಹೇಳಿಯೂ ಬಂದ.

ಪೇಟೆ ಒಮ್ಮೆಲೇ ಬದಲಾಗಲಿಲ್ಲ. ಮೊದಲು ಶಟರುಗಳು ಹೋಗಿ ಮರದ ಬಾಗಿಲು ಬಂದವು. ಸಾಹುಕಾರರು ಹೆದ್ದಾರಿಯ ಅಂಗಡಿ ಮಗನಿಗೆ ಬಿಟ್ಟು ತಾವು ಹಕ್ಕಿಯ ಕೆಳಗೆ ಬಂದು ಕೂತರು. ಅವರನ್ನು ಮಾತಾಡಿಸಲು ಬರುವವರಿಗಾಗಿ ಒಬ್ಬ ಟೀ ಅಂಗಡಿ ತೆಗೆದ. ಇಬ್ಬರು ಅಕ್ಕತಂಗಿಯರು ಬೇಕರಿ ಇಟ್ಟರು. ಬೆಳಗಿನ ಬ್ರೆಡ್ಡಿನ ವಾಸನೆ ಜಗಲಿಯುದ್ದಕ್ಕೂ ಹರಡಿ ಜನರನ್ನು ಮೂಗು ಹಿಡಿದು ಎಳೆದು ತಂದಿತು. ಇನ್ನೂ ಕೆಲವು ಅಂಗಡಿಗಳು ಖಾಲಿಯೇ ಇದ್ದವು. ಆದರೆ ಸಂಜೆ ಸುಮ್ಮನೆ ಸುತ್ತಾಡಲು ಬರುವವರು ಕಮಾನುಗಳ ಕೆಳಗೆ ಮತ್ತೆ ಕಾಣಿಸಿಕೊಂಡರು.

ಕೊನೆಗೆ ಉಳಿದದ್ದು ಕಟಿಂಗ್ ಅಂಗಡಿ. ಮಗಳ ಕೈಗೆ ಕರಣೆ ಕೊಟ್ಟು ಮೇಸ್ತ್ರಿ, "ಇದು ಪೂರ್ತಿ ನಿಂದು! ನಾನು ಟೀ ಕುಡಿಯೋಕೆ ಹೋಗ್ತೀನಿ!" ಎಂದು ಕೂಗಿ ಹೊರಟೇಹೋದ. ಆ ಕೆಲಸ ನಡೆದಷ್ಟೂ ದಿನ ಕತ್ತರಿ ಮಾಮ ಕುರ್ಚಿಯನ್ನು ಜಗಲಿಗೆ ತಂದು ಅಲ್ಲೇ ಕೆಲಸ ಮಾಡಿದ. ಒಳಗೆ ಕರಣೆಯ ಸದ್ದು, ಹೊರಗೆ ಕತ್ತರಿಯ ಸದ್ದು. ಹೆದ್ದಾರಿಯ ಹೊಸ ಸಲೂನಿಗೆ ಹೋಗುತ್ತಿದ್ದ ಹುಡುಗರೂ ಬಂದು ಸಾಲಿನಲ್ಲಿ ಕೂತರು. ಬೇಕರಿಯ ತಂಗಿ ಒಮ್ಮೆ ಹಿಂಜರಿಯುತ್ತ ಬಂದು, "ನಿಮ್ಮ ಮಗಳಿಗೆ ಮಾಡಿದ ಹಾಗೇ ನಂಗೂ ಕತ್ತರಿಸ್ತೀರಾ ಮಾಮ?" ಎಂದು ಕೇಳಿದಳು. ಅವನು, ಊಟದ ಡಬ್ಬಿ ತಂದು ಬೆಂಚಿನ ಮೇಲೆ ಕೂತಿದ್ದ ಹೆಂಡತಿಗೆ ಕೇಳಿಸಲಿ ಎಂದು ಗಟ್ಟಿಯಾಗಿ, "ಓರೆ ಆಗತ್ತೆ, ಪರವಾಗಿಲ್ವಾ?" ಎಂದ.

ಎಂಜಿನಿಯರಮ್ಮನಿಗೆ ಬೇರೊಂದು ಊರಿನ ಹಳೆ ಅಂಚೆ ಕಚೇರಿಯ ಕೆಲಸ ಸಿಕ್ಕಿತ್ತು. ಗಾರೆಯ ತಂಡಕ್ಕೆ ನೀನೇ ಮುಂದಾಳಾಗಿ ಬಾ ಎಂದು ಅವರು ಮಗಳನ್ನು ಕರೆದರು. ಹೋಗಲಾ ಎಂದು ಅವಳು ಊಟಕ್ಕೆ ಕೂತಾಗ ಅಪ್ಪನ ಮುಖ ನೋಡಿಯೇ ಕೇಳಿದಳು. ಅವನು ತುತ್ತು ನುಂಗಿ, "ಹೋಗು. ರಜಕ್ಕೆ ಬರಬೇಕು. ಬಂದಾಗ ಕೂದಲು ಇನ್ಯಾರ ಹತ್ರನಾದ್ರೂ ಕತ್ತರಿಸ್ಕೊಂಡು ಬಂದ್ಯೋ, ಒಳಗೆ ಸೇರಿಸಲ್ಲ" ಎಂದ.

ಅವಳು ಹೊರಡುವ ದಿನ ಬೆಳಿಗ್ಗೆ ಕತ್ತರಿ ಮಾಮ ಸಾಮಾನನ್ನೆಲ್ಲ ಮತ್ತೆ ಒಳಗೆ ಜೋಡಿಸಿದ. ಗೋಡೆ ಮೊಟ್ಟೆಯ ಸಿಪ್ಪೆಯ ಹಾಗೆ ನುಣ್ಣಗೆ, ಬೆಳ್ಳಗೆ ಇತ್ತು. ಕ್ಯಾಲೆಂಡರು ತೂಗುಹಾಕಲು ಒಂದು ಮೊಳೆ ಹಿಡಿದು ಸುತ್ತಿಗೆ ಎತ್ತಿದ್ದೇ ತಡ, ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದ ಮಗಳು ಮೇಸ್ತ್ರಿಯ ಗಂಟಲಲ್ಲೇ ಕೂಗಿದಳು.

"ಅಪ್ಪಾ! ಆ ಗೋಡೆಗೆ ಮೊಳೆ ಹೊಡೆದ್ರೆ ನೋಡು! ಅದಿನ್ನೂ ಒಳಗೆ ಹಸಿ!"

ಅವನು ಕಳ್ಳನ ಹಾಗೆ ಸುತ್ತಿಗೆ ಕೆಳಗಿಟ್ಟ. ಅವಳು ಬಸ್ಸಿಗೆ ಹೋದ ಮೇಲೆ ಕ್ಯಾಲೆಂಡರನ್ನು ಸುರುಳಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟ. ಆಮೇಲೆ ಯಾರು ತಾರೀಖು ಕೇಳಿದರೂ ಖಾನೆ ಎಳೆದು, ಸುರುಳಿ ಬಿಚ್ಚಿ, ನೋಡಿ ಹೇಳುತ್ತಿದ್ದ. ಗೋಡೆಗೆ ಒರಗಲು ಹೋದವರನ್ನು ಮಾತ್ರ, ಅವರು ಯಾರೇ ಆಗಿರಲಿ, ಭುಜ ಹಿಡಿದು ಮೆಲ್ಲಗೆ ಮುಂದಕ್ಕೆ ಸರಿಸುತ್ತಿದ್ದ.